ಹುಳು ಮನೆಯ ಸೆನ್ಸರ್‌ಗಳಲ್ಲಿ ಸೆಲ್ ಏಕೆ ಇಷ್ಟು ಬೇಗ ಮುಗಿಯುತ್ತದೆ?

ಪ್ರಶ್ನೆ: ರೇಷ್ಮೆ ಬೆಳೆಗಾರ, ಶಿಡ್ಲಘಟ್ಟ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ವಾಸದ ಮನೆಗೂ ರೇಷ್ಮೆ ಹುಳು ಸಾಕುವ ಪಕ್ಕದ ಹುಳು ಮನೆಗೂ ಸೇರಿ ಒಂದೇ ಜಿಗ್‌ಬೀ ಜಾಲವನ್ನು (ಸೆನ್ಸರ್, ಪ್ಲಗ್‌ಗಳು ತಂತಿಯಿಲ್ಲದೆ ರೇಡಿಯೋದಲ್ಲಿ ಮಾತನಾಡುವ ವ್ಯವಸ್ಥೆ) ಮಾಡಿಕೊಂಡಿದ್ದೇನೆ. ವಾಸದ ಮನೆಯ ನಡುಕೋಣೆಯಲ್ಲಿರುವ ಉಷ್ಣಾಂಶ ಮತ್ತು ತೇವಾಂಶದ ಸೆನ್ಸರ್ ಒಂದೇ ಸೆಲ್‌ನಲ್ಲಿ ವರ್ಷ ದಾಟಿದೆ. ಆದರೆ ಅದೇ ಮಾದರಿಯವು ಹುಳು ಮನೆಯಲ್ಲಿ ಒಂದೆರಡು ಬೆಳೆ ಮುಗಿಯುವಷ್ಟರಲ್ಲಿ ನಿಂತುಹೋಗುತ್ತಿವೆ. ಎಲ್ಲದರಲ್ಲೂ ಇರುವುದು ಸಿಆರ್2032 ಬಟನ್ ಸೆಲ್.

ನಾಲ್ಕನೇ ಜ್ವರದಿಂದ (ಪೊರೆ ಕಳಚುವ ಹಂತ) ಎದ್ದ ಹುಳುಗಳಿಗೆ 24ರಿಂದ 25 ಡಿಗ್ರಿ ಉಷ್ಣಾಂಶವೂ ಶೇ. 70ರ ಆಸುಪಾಸಿನ ತೇವಾಂಶವೂ ಬೇಕು. ರಾತ್ರಿ ಹೊತ್ತು ಅಳತೆ ತಪ್ಪಿದ್ದು ಬೆಳಿಗ್ಗೆ ಗೊತ್ತಾದರೆ ಪ್ರಯೋಜನವಿಲ್ಲ. ಮೊಬೈಲ್‌ನಲ್ಲಿ ಬ್ಯಾಟರಿ ಶೇ. 80ರಷ್ಟು ಇದೆ ಎಂದು ತೋರಿಸುತ್ತಿರುವಾಗಲೇ ಸೆನ್ಸರ್ ಸುದ್ದಿಯಿಲ್ಲದೆ ನಿಲ್ಲುತ್ತದೆ ಎಂಬುದು ನನ್ನ ದೊಡ್ಡ ಚಿಂತೆ. ಹುಳು ಮನೆಗೆ ತಗಡಿನ ಚಾವಣಿಯಿದೆ, ಒಳಗೆ ಕಬ್ಬಿಣದ ಸ್ಟ್ಯಾಂಡ್‌ಗಳಿವೆ, ಮಂಜಿನಂತೆ ನೀರು ಚಿಮ್ಮಿಸಿ ತೇವಾಂಶ ಹೆಚ್ಚಿಸುವ ಫಾಗರ್‌ಗೆ ಒಂದು ಸ್ಮಾರ್ಟ್ ಪ್ಲಗ್ ಇದೆ. ದೋಷ ಸೆಲ್‌ನದೋ, ಸೆನ್ಸರ್‌ನದೋ ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ: ಎಲೆಕ್ಟ್ರಾನಿಕ್ಸ್ ತಂತ್ರಜ್ಞ, ತುಮಕೂರು

ತಾವು ಹೇಳಿದ ಲಕ್ಷಣಗಳನ್ನು ನೋಡಿದರೆ ಸೆಲ್ ಕೆಟ್ಟದ್ದೆಂದು ತೋರುವುದಿಲ್ಲ. ಸೆನ್ಸರ್‌ನ ರೇಡಿಯೋ ನಿದ್ದೆ ಮಾಡಲು ಆಗುತ್ತಿಲ್ಲ. ಒಳ್ಳೆಯ ಸಿಆರ್2032 ಸೆಲ್‌ನ ಸಾಮರ್ಥ್ಯ ಸುಮಾರು 220 ಮಿಲಿಆಂಪ್ ಅವರ್. ವರ್ಷಕ್ಕೆ 8,760 ಗಂಟೆಗಳಿರುವುದರಿಂದ ಅದು ಒಂದು ವರ್ಷ ಬರಬೇಕಾದರೆ ಸೆನ್ಸರ್ ಎಳೆಯುವ ಕರೆಂಟ್ ಸರಾಸರಿ 25 ಮೈಕ್ರೋಆಂಪ್ ಮೀರಬಾರದು. ನಿದ್ದೆಯಲ್ಲಿರುವಾಗ ಅದು ಎಳೆಯುವುದು ಕೆಲವೇ ಮೈಕ್ರೋಆಂಪ್. ರೇಡಿಯೋ ಎದ್ದಾಗ ಮಾತ್ರ, ಸಂದೇಶ ಕಳುಹಿಸುವಾಗಷ್ಟೇ ಅಲ್ಲ, ಉತ್ತರಕ್ಕಾಗಿ ಕಿವಿಗೊಟ್ಟು ಕಾಯುವಾಗಲೂ, 10 ಮಿಲಿಆಂಪ್ ಅಥವಾ ಅದಕ್ಕಿಂತ ಹೆಚ್ಚು ಬೇಕಾಗುತ್ತದೆ. ಒಂದು ಸಂದೇಶ ಕೆಲವು ಮಿಲಿಸೆಕೆಂಡುಗಳಲ್ಲಿ ಮುಗಿಯುವುದರಿಂದಲೇ ಈ ಪುಟ್ಟ ಸೆಲ್ ವರ್ಷಗಟ್ಟಲೆ ಬಾಳುತ್ತದೆ. ರೇಡಿಯೋ ಬಿಡುವಿಲ್ಲದೆ ಎಚ್ಚರವಾಗಿದ್ದರೆ 22 ಗಂಟೆಗಳಲ್ಲಿ ಅದರ ಕಥೆ ಮುಗಿಯುತ್ತದೆ.

ಹುಳು ಮನೆಯಲ್ಲಿ ಅದನ್ನು ಎಬ್ಬಿಸುವ ಕಾರಣಗಳು ಎರಡಿರಬಹುದು. ಫಾಗರ್ ಓಡಿದಾಗ, ಸೊಪ್ಪು ಹಾಕಲು ಬಾಗಿಲು ತೆರೆದಾಗ ತೇವಾಂಶ ಏರಿಳಿಯುತ್ತದೆ, ಪ್ರತಿ ಏರಿಳಿತಕ್ಕೂ ಸೆನ್ಸರ್ ವರದಿ ಕಳುಹಿಸುತ್ತದೆ. ನಡುಕೋಣೆಯ ಸೆನ್ಸರ್‌ಗೆ ಆ ಕೆಲಸವೇ ಇಲ್ಲ. ಜಿಗ್‌ಬೀಯಲ್ಲಿ ಎಷ್ಟು ಬದಲಾದರೆ ವರದಿ ಮಾಡಬೇಕು, ಎರಡು ವರದಿಗಳ ನಡುವೆ ಕನಿಷ್ಠ ಎಷ್ಟು ಹೊತ್ತು ಬಿಡಬೇಕು ಎಂಬುದನ್ನು ಹೊಂದಿಸಲು ಅವಕಾಶವಿದೆ. ತೇವಾಂಶಕ್ಕೆ ಶೇ. 2, ಉಷ್ಣಾಂಶಕ್ಕೆ ಅರ್ಧ ಡಿಗ್ರಿ, ನಡುವೆ ಐದು ನಿಮಿಷದ ಅಂತರ ಇಟ್ಟರೆ ಹುಳು ಸಾಕಣೆಗೆ ಏನೂ ಕೊರತೆಯಾಗದು. ಕೆಲವು ಅಗ್ಗದ ಸೆನ್ಸರ್‌ಗಳು ಈ ಆದೇಶವನ್ನು ಪಾಲಿಸುವುದಿಲ್ಲ, ಆದ್ದರಿಂದ ಬದಲಿಸಿದ ಮೇಲೆ ಒಂದು ದಿನದ ದಾಖಲೆಯನ್ನು ತೆರೆದು ನೋಡಿ.

ಎರಡನೆಯದರ ಮೇಲೆ ನನಗೆ ಹೆಚ್ಚಿನ ಅನುಮಾನ. ಸೆಲ್‌ನಿಂದ ನಡೆಯುವ ಸೆನ್ಸರ್ ಜಾಲದ ಕೇಂದ್ರವಾದ ಹಬ್‌ನೊಡನೆ ನೇರವಾಗಿಯೇ ಮಾತನಾಡಬೇಕೆಂದೇನಿಲ್ಲ; ಹತ್ತಿರದಲ್ಲಿ ಕರೆಂಟ್‌ನಿಂದ ನಡೆಯುವ ಜಿಗ್‌ಬೀ ಪ್ಲಗ್ ಅಥವಾ ಬಲ್ಬ್ ಇದ್ದರೆ ಅದನ್ನೇ ಆಶ್ರಯಿಸುತ್ತದೆ. ಹೋದ ಕರೆಂಟ್ ಎಷ್ಟು ಹೊತ್ತಿಗೆ ಬರುತ್ತದೆಂದು ಹೇಳಲಾಗದ ನಮ್ಮ ಹಳ್ಳಿಗಳಲ್ಲಿ ತೊಂದರೆ ಶುರುವಾಗುವುದೇ ಇಲ್ಲಿಂದ. ಪ್ಲಗ್ ಆರಿದ ಕೂಡಲೇ ಆಸರೆ ತಪ್ಪಿದ ಸೆನ್ಸರ್ ಬೇರೆ ದಾರಿಗಾಗಿ ಚಾನೆಲ್‌ಗಳನ್ನು ಹುಡುಕತೊಡಗುತ್ತದೆ, ಸಿಗದಿದ್ದರೆ ಸ್ವಲ್ಪ ಹೊತ್ತು ಮಲಗಿ ಮತ್ತೆ ಹುಡುಕುತ್ತದೆ. ತಗಡು ಮತ್ತು ಕಬ್ಬಿಣದ ಅಡ್ಡಿಯಿಂದ ವಾಸದ ಮನೆಯ ಹಬ್ ಅದಕ್ಕೆ ಕೇಳಿಸದಿದ್ದರೆ ಕರೆಂಟ್ ಇಲ್ಲದಷ್ಟು ಹೊತ್ತೂ ಈ ಹುಡುಕಾಟ ನಡೆದೇ ಇರುತ್ತದೆ.

ಶೇ. 80 ಎಂಬ ಅಂಕಿಯನ್ನು ನಂಬಬೇಡಿ. ಲಿಥಿಯಂ ಸೆಲ್‌ನ ವೋಲ್ಟೇಜ್ ಬಹುಪಾಲು ಆಯುಷ್ಯದಲ್ಲಿ 3 ವೋಲ್ಟ್ ಹತ್ತಿರವೇ ನಿಂತು ಕೊನೆಯಲ್ಲಿ ದಿಢೀರನೆ ಕುಸಿಯುತ್ತದೆ, ಮೊಬೈಲ್ ತೋರಿಸುವ ಅಂಕಿ ಸಾಮಾನ್ಯವಾಗಿ ಆ ವೋಲ್ಟೇಜ್‌ನಿಂದಲೇ ಲೆಕ್ಕ ಹಾಕಿದ್ದು. ಸೆಲ್ ಬಳಕೆಯಾದಂತೆ ಅದರ ಒಳರೋಧ (ಕರೆಂಟ್ ಹರಿಯಲು ಸೆಲ್‌ನೊಳಗೇ ಇರುವ ತಡೆ) ಏರುತ್ತದೆ, ಸುಮ್ಮನಿದ್ದಾಗ 2.9 ವೋಲ್ಟ್ ತೋರಿಸುವ ಸೆಲ್ ರೇಡಿಯೋ ಎದ್ದ ಕ್ಷಣದಲ್ಲಿ ಬಹಳ ಕೆಳಗಿಳಿದು ಸೆನ್ಸರನ್ನೇ ನಿಲ್ಲಿಸಿಬಿಡಬಹುದು. ಶೇಕಡಾವಾರು ಎಚ್ಚರಿಕೆಗಿಂತ, ಸೆನ್ಸರ್‌ನಿಂದ ಒಂದು ಗಂಟೆ ಯಾವ ವರದಿಯೂ ಬಾರದಿದ್ದರೆ ಮೊಬೈಲ್‌ಗೆ ಸೂಚನೆ ಬರುವಂತೆ ಮಾಡಿಕೊಳ್ಳುವುದು ಉತ್ತಮ. ಆದರೆ ಬದಲಾವಣೆ ಇರಲಿ ಬಿಡಲಿ, ಅದಕ್ಕಿಂತ ಕಡಿಮೆ ಅವಧಿಯಲ್ಲಿ ಒಮ್ಮೆಯಾದರೂ ವರದಿ ಬರುವಂತೆ ಹೊಂದಿಸಿರಬೇಕು.

ಉತ್ತರ: ರೇಷ್ಮೆ ಬೆಳೆಗಾರ್ತಿ, ಕೋಲಾರ

ಮೇಲಿನವರು ಹೇಳಿದ್ದನ್ನು ಒಪ್ಪುತ್ತಲೇ ಒಂದು ಮಾತು ಸೇರಿಸುತ್ತೇನೆ. ಬೆಳೆ ಎದ್ದ ಮೇಲೆ ಬ್ಲೀಚಿಂಗ್ ಪೌಡರ್ ಮತ್ತು ಸುಣ್ಣದ ದ್ರಾವಣ ಸಿಂಪಡಿಸುತ್ತೀರಲ್ಲ, ಆಗ ಸೆನ್ಸರ್‌ಗಳನ್ನು ಹೊರಗೆ ತೆಗೆದಿಡುತ್ತೀರಾ? ಕ್ಲೋರಿನ್ ತಾಗಿದ ಲೋಹ ಬೇಗ ಕಿಲುಬು ಹಿಡಿಯುತ್ತದೆ. ಮುಚ್ಚಳ ತೆಗೆದು, ಸೆಲ್‌ನ ಅಂಚನ್ನು ಒತ್ತಿ ಹಿಡಿಯುವ ಪುಟ್ಟ ತಗಡಿನ ನಾಲಿಗೆಯನ್ನು ಬೆಳಕಿಗೆ ಹಿಡಿದು ನೋಡಿ. ನಮ್ಮಲ್ಲಿ ಅದು ಹೊಳಪು ಕಳೆದುಕೊಂಡು, ತುದಿಯಲ್ಲಿ ಹಸಿರು ಮಿಶ್ರಿತ ಬಿಳಿ ಪುಡಿ ಕಟ್ಟಿತ್ತು. ಸೆಲ್‌ನಲ್ಲಿ ಶಕ್ತಿ ಇದ್ದರೂ ಆ ಪುಡಿ ಅದನ್ನು ಹರಿಯಗೊಡುವುದಿಲ್ಲ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಸೆಲ್ ಹಾಕಿದರೆ ಹಲವು ಸಲ ಹಳೆಯ ಸೆಲ್ಲೇ ಮತ್ತೆ ನಡೆಯುತ್ತದೆ.

ತೆಗೆದ ಬಟನ್ ಸೆಲ್‌ಗಳನ್ನು ಕಿಟಕಿಯ ಮೇಲೆ ಬಿಡಬೇಡಿ. ಮಕ್ಕಳು ನುಂಗಿದರೆ ಒಂದೆರಡು ಗಂಟೆಯೊಳಗೆ ಅನ್ನನಾಳ ಸುಡುತ್ತದೆ. ಅನುಮಾನ ಬಂದರೂ ಸಾಕು, ತಕ್ಷಣ ಆಸ್ಪತ್ರೆಗೆ ಓಡಬೇಕು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಸೆಲ್ ಹಿಡಿಯುವ ನಾಲಿಗೆಗಳು ಸ್ವಚ್ಛವಾಗಿವೆ. ಆದರೆ ಕೆಲಸದವರು ಫಾಗರ್ ನಿಲ್ಲಿಸಲು ಗೋಡೆಯ ಸ್ವಿಚ್ಚನ್ನೇ ಆರಿಸುತ್ತಿದ್ದಾರೆ, ಅಂದರೆ ಸ್ಮಾರ್ಟ್ ಪ್ಲಗ್ ದಿನದ ಬಹುಪಾಲು ಸತ್ತೇ ಇರುತ್ತದೆ. ಇದಕ್ಕೆ ಏನು ಮಾಡಬಹುದು? ಬಟನ್ ಸೆಲ್ ಬದಲು ಪೆನ್ಸಿಲ್ ಸೆಲ್ ಹಾಕುವ ಸೆನ್ಸರ್ ಕೊಳ್ಳುವುದು ಮೇಲೇ?

ಉತ್ತರ: ಎಲೆಕ್ಟ್ರಾನಿಕ್ಸ್ ತಂತ್ರಜ್ಞ, ತುಮಕೂರು

ಹಾಗಾದರೆ ಕಾರಣ ಅದೇ. ಯುಎಸ್‌ಬಿಯಿಂದ ನಡೆಯುವ, ಸೆನ್ಸರ್‌ಗಳ ಸಂದೇಶವನ್ನು ಹಬ್‌ಗೆ ದಾಟಿಸುವ ಒಂದು ಜಿಗ್‌ಬೀ ರಿಪೀಟರ್ ತಂದು ಹುಳು ಮನೆಯೊಳಗೆ, ಕಬ್ಬಿಣದ ಸ್ಟ್ಯಾಂಡ್‌ಗಳಿಗಿಂತ ಎತ್ತರದಲ್ಲಿ ಹಾಕಿ. ವೈ-ಫೈ ರೌಟರ್‌ಗಳಿಗೆ ಬಳಸುವ ಚಿಕ್ಕ ಯುಪಿಎಸ್‌ಗಳಲ್ಲಿ 5 ವೋಲ್ಟ್ ಕೊಡುವಂಥವೂ ಇವೆ. ಅದರಿಂದ ರಿಪೀಟರ್‌ಗೆ ಕರೆಂಟ್ ಕೊಡಿ, ಹಬ್‌ಗೂ ಇಂಥದೇ ಏರ್ಪಾಡಿರಲಿ. ಫಾಗರ್‌ನ ಪ್ಲಗ್ ಕೂಡ ಸೆನ್ಸರ್‌ಗೆ ಆಸರೆಯಾಗಲು ಮುಂದೆ ಬರುವುದರಿಂದ, ಹುಳು ಮನೆಯ ಸೆನ್ಸರ್‌ಗಳನ್ನು ರಿಪೀಟರ್ ಮೂಲಕವೇ ಮತ್ತೊಮ್ಮೆ ಜಾಲಕ್ಕೆ ಸೇರಿಸಿ, ಗೋಡೆಯ ಸ್ವಿಚ್ ಆರಿಸದಂತೆ ಅದರ ಮೇಲೊಂದು ಮುಚ್ಚಳ ಹಾಕಿಸಿ.

ಪೆನ್ಸಿಲ್ ಸೆಲ್‌ನ ವಿಚಾರ: ಎಎಎ ಗಾತ್ರದ ಆಲ್ಕಲೈನ್ ಸೆಲ್‌ನಲ್ಲಿ 1,000 ಮಿಲಿಆಂಪ್ ಅವರ್ ಆಸುಪಾಸು ಇರುತ್ತದೆ, ಒಳರೋಧವೂ ಕಡಿಮೆ. ಫಾಗರ್ ಇರುವ ಜಾಗಕ್ಕೆ ಅಂಥ ಎರಡು ಸೆಲ್ ಹಾಕುವ ಸೆನ್ಸರನ್ನೇ ನಾನು ಹೇಳುತ್ತೇನೆ. ಮರುಚಾರ್ಜ್ ಮಾಡುವ ನಿಕೆಲ್ ಸೆಲ್‌ಗಳು ತಲಾ 1.2 ವೋಲ್ಟ್ ಮಾತ್ರ ಕೊಡುವುದರಿಂದ ಕೆಲವು ಸೆನ್ಸರ್‌ಗಳು ಮೊದಲ ದಿನದಿಂದಲೇ ಬ್ಯಾಟರಿ ಕಡಿಮೆ ಎಂದು ತೋರಿಸುತ್ತವೆ. ಆಲ್ಕಲೈನ್ ಸೆಲ್ ಪೂರ್ತಿ ಮುಗಿದ ಮೇಲೂ ಒಳಗೇ ಉಳಿದರೆ ಸೋರುತ್ತದೆ, ಆದ್ದರಿಂದ ಬೆಳೆ ಎದ್ದು ಸೋಂಕು ನಿವಾರಣೆ ಮಾಡುವಾಗ ಸೆನ್ಸರನ್ನು ಹೊರಗೆ ತಂದು, ಸೆಲ್‌ಗಳನ್ನು ತೆಗೆದು ನೋಡಿಯೇ ಮುಂದಿನ ಬೆಳೆಗೆ ಹಾಕಿ.