ಸಹಾಯ ಬೇಕು: ಟೆಲಿಗ್ರಾಂ ಚಾನೆಲ್ ಪಬ್ಲಿಕ್ ಇಡಲೋ, ಪ್ರೈವೇಟ್ ಇಡಲೋ?

ಎಲ್ಲರಿಗೂ ನಮಸ್ಕಾರ. ಹೊಲಿಗೆ ಕಲಿಯುವವರಿಗೆ ಅಂತ ಟೆಲಿಗ್ರಾಂನಲ್ಲಿ ಒಂದು ಚಾನೆಲ್ ಶುರು ಮಾಡುತ್ತಿದ್ದೇನೆ. ಹೆಸರು, ಫೋಟೋ ಎಲ್ಲಾ ಆಯಿತು. ಪಬ್ಲಿಕ್ಕೋ ಪ್ರೈವೇಟೋ ಅಂತ ಕೇಳುವ ಕಡೆ ಎರಡು ದಿನದಿಂದ ನಿಂತುಬಿಟ್ಟಿದ್ದೇನೆ!

ಪಬ್ಲಿಕ್ ಆದರೆ ಯೂಸರ್‌ನೇಮ್ ಇರುತ್ತದೆ, ಹುಡುಕಿದವರಿಗೆ ಸಿಗುತ್ತದೆ. ಹೊಸಬರು ಬರಲಿ ಅಂದರೆ ಅದೇ ಸರಿ. ಆದರೆ ಚಾನೆಲ್‌ಗೆ ಸೇರದವರೂ ಎಲ್ಲಾ ಪೋಸ್ಟ್ ಓದಬಹುದು. ಕಲಿಯುವವರು ಹೊಲಿದ ಬಟ್ಟೆ ಹಾಕಿಕೊಂಡು ಫೋಟೋ ಕಳಿಸುತ್ತಾರೆ. ಅವು ಯಾರ ಯಾರ ಕೈಗೋ ಸಿಗುವುದು ನನಗೆ ಇಷ್ಟವಿಲ್ಲ.

ಪ್ರೈವೇಟ್‌ನಲ್ಲಿ ಲಿಂಕ್ ಇದ್ದವರಿಗೆ ಮಾತ್ರ ಪ್ರವೇಶ. ಲಿಂಕ್‌ಗೆ ಅವಧಿ ಹಾಕಬಹುದು, ಸೇರುವವರನ್ನು ನಾನೇ ಒಪ್ಪಿಕೊಳ್ಳುವ ಹಾಗೂ ಮಾಡಬಹುದು. ಆದರೂ ಒಳಗಿದ್ದವರೇ ಸ್ಕ್ರೀನ್‌ಶಾಟ್ ಹಂಚಿದರೆ ಏನು ಮಾಡುವುದು, ಅಲ್ವಾ?

ಮೊದಲು ಪ್ರೈವೇಟ್ ಇಟ್ಟು ಆಮೇಲೆ ಪಬ್ಲಿಕ್ ಮಾಡೋಣ ಅಂದುಕೊಂಡೆ. ಹಾಗೆ ಮಾಡಿದರೆ ಹಳೆಯ ಪೋಸ್ಟ್‌ಗಳೂ ಎಲ್ಲರಿಗೂ ತೆರೆದುಕೊಳ್ಳುತ್ತವೆ. ಅದಕ್ಕೇ ಈಗ ಪಾಠಕ್ಕೊಂದು ಪಬ್ಲಿಕ್, ಫೋಟೋಗಳಿಗೊಂದು ಪ್ರೈವೇಟ್ ಅಂತ ಎರಡು ಚಾನೆಲ್ ಮಾಡುವ ಯೋಚನೆ. ಒಬ್ಬಳೇ ಎರಡನ್ನೂ ನೋಡಿಕೊಳ್ಳಲು ಆಗುತ್ತದಾ? ಹೀಗೆ ನಡೆಸುತ್ತಿರುವವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಸುಮ್ನೆ ತಲೆನೋವು ಅನ್ನುವುದಾದರೆ ಅದನ್ನೂ ನೇರವಾಗಿ ಹೇಳಿಬಿಡಿ.