ದುಬೈಗೆ ಕುಟುಂಬ ಬರ್ತಿದೆ, ಬಾಡಿಗೆ ಮನೆಗೆ ಎಷ್ಟು ದುಡ್ಡು ಇಟ್ಟುಕೊಳ್ಳಬೇಕು?

ಕೇಳಿದವರು: ಈಗ ಕಂಪನಿ ರೂಮಿನಲ್ಲಿದ್ದೇನೆ, ಕೆಲಸ ದೇರಾದಲ್ಲಿ. ಹೆಂಡತಿ, ಮಗಳು ಬರುವವರಿದ್ದಾರೆ. ಒಂದು ಬೆಡ್‌ರೂಮಿನ ಮನೆ ಬೇಕು. ಮೊದಲಿಗೆ ಕೈಯಲ್ಲಿ ಎಷ್ಟಿರಬೇಕು? ಶಾರ್ಜಾ ಆಗುತ್ತಾ?

ಖುಸೈಸ್‌ನಿಂದ: ದುಬೈನಲ್ಲಿ ವರ್ಷದ ಬಾಡಿಗೆ ಹೇಳುತ್ತಾರೆ, ಜೊತೆಗೆ ಅದನ್ನು ಎಷ್ಟು ಚೆಕ್‌ಗಳಲ್ಲಿ, ಅಂದರೆ ಕಂತುಗಳಲ್ಲಿ, ಕಟ್ಟಬೇಕು ಅಂತ. ಚೆಕ್ ಕಡಿಮೆಯಾದಷ್ಟೂ ಚೌಕಾಸಿಗೆ ಜಾಗ ಜಾಸ್ತಿ. ಲೆಕ್ಕಕ್ಕೆ 60,000 ದಿರ್ಹಮ್, ನಾಲ್ಕು ಚೆಕ್ ಅಂತಿಟ್ಟುಕೊಳ್ಳಿ. ಮೊದಲ ಚೆಕ್ 15,000. ಫರ್ನಿಚರ್ ಇಲ್ಲದ ಮನೆಗೆ ಡಿಪಾಸಿಟ್ ಸಾಮಾನ್ಯವಾಗಿ ಶೇ 5, ಅದು 3,000. ಏಜೆಂಟಿಗೂ ಅಷ್ಟೇ ಹೋಗುತ್ತದೆ. ಕರೆಂಟು, ನೀರು ಕೊಡುವ ಸರ್ಕಾರಿ ಸಂಸ್ಥೆ ದೇವಾಕ್ಕೆ (DEWA) ಡಿಪಾಸಿಟ್ 2,000. ಅಲ್ಲಿಗೆ 23,000 ಆಯ್ತು. ಇಜಾರಿ (ಬಾಡಿಗೆ ಒಪ್ಪಂದದ ಸರ್ಕಾರಿ ನೋಂದಣಿ) ಖರ್ಚು, ಮಂಚ, ಫ್ರಿಜ್ಜು ಬೇರೆ. ಮೊದಲ ದೇವಾ ಬಿಲ್ ನೋಡಿ ಎದೆ ಒಡೆದುಕೊಳ್ಳಬೇಡಿ. ವರ್ಷದ ಬಾಡಿಗೆಯ ಶೇ 5 ವಸತಿ ಶುಲ್ಕ ಅದರಲ್ಲೇ ಬರುತ್ತದೆ, ಈ ಲೆಕ್ಕಕ್ಕೆ ತಿಂಗಳಿಗೆ 250. ಏಸಿಯದ್ದು ಯಾರು ಕಟ್ಟೋದು ಅಂತ ಮೊದಲೇ ಕೇಳಿ. ‘ಚಿಲ್ಲರ್ ಫ್ರೀ’ (ಏಸಿ ತಂಪಿನ ಖರ್ಚು ಬಾಡಿಗೆದಾರರ ಮೇಲೆ ಬೀಳದ ವ್ಯವಸ್ಥೆ) ಇಲ್ಲದ ಕಟ್ಟಡದಲ್ಲಿ ಬೇಸಿಗೆಯ ಬಿಲ್ ಬಾಡಿಗೆಯ ಉಳಿತಾಯವನ್ನೆಲ್ಲ ನುಂಗಿಬಿಡುತ್ತದೆ. ಚೆಕ್‌ಗಳ ತಾರೀಖು ಸಂಬಳ ಬಂದ ನಂತರಕ್ಕೇ ಇರಲಿ.

ಶಾರ್ಜಾದಿಂದ: ಅದೇ ದುಡ್ಡಿಗೆ ಇಲ್ಲಿ ದೊಡ್ಡ ಮನೆ ಸಿಗುತ್ತದೆ, ನಿಜ. ಆದರೆ ಮೆಟ್ರೋ ಇಲ್ಲಿಗೆ ಬಂದಿಲ್ಲ, ಬೆಳಿಗ್ಗೆ ಅಲ್ ಇತ್ತಿಹಾದ್ ರಸ್ತೆಯಲ್ಲಿ ಕಾರುಗಳು ತೆವಳುತ್ತವೆ. ಸಂಜೆ ಮತ್ತೆ ಅದೇ. ಕೆಲಸ ದೇರಾದಲ್ಲಿದ್ದರೆ ನಾನಂತೂ ಖುಸೈಸ್ ಅಥವಾ ದುಬೈ ಕಡೆಯ ಅಲ್ ನಹ್ದಾ ನೋಡುತ್ತೇನೆ. ನಹ್ದಾ ಎರಡೂ ಕಡೆ ಇದೆ, ಜಾಹೀರಾತಿನಲ್ಲಿ ಯಾವುದು ಅಂತ ಗಮನಿಸಿ. ಮಗಳ ಶಾಲೆ ಗೊತ್ತಾದ ಮೇಲೆ ಮನೆ ಹುಡುಕಿದರೆ ಇನ್ನೂ ಒಳ್ಳೇದು.

ಕೇಳಿದವರು: ಒಬ್ಬರು ತಮ್ಮ ಫ್ಲ್ಯಾಟಿನಲ್ಲೇ ಪಾರ್ಟಿಶನ್ ಹಾಕಿದ ರೂಮ್ ಕೊಡ್ತೀನಿ ಅಂತಿದ್ದಾರೆ. ಸದ್ಯಕ್ಕೆ ಅಗ್ಗ ಅಲ್ವಾ?

ಬರ್ ದುಬೈನಿಂದ: ಬೇಡ. ಇಜಾರಿ ಅವರ ಹೆಸರಲ್ಲಿರುತ್ತದೆ. ಕುಟುಂಬದ ವೀಸಾಕ್ಕೆ ನಿಮ್ಮ ಹೆಸರಿನದೇ ಬೇಕಾಗುತ್ತದೆ. 2025ರಲ್ಲಿ ರಿಗ್ಗಾ, ಮುರಖ್ಖಬಾತ್ ಕಡೆ ಅನುಮತಿ ಇಲ್ಲದ ಪಾರ್ಟಿಶನ್‌ಗಳ ಮೇಲೆ ಮುನ್ಸಿಪಾಲಿಟಿ ಕ್ರಮ ಕೈಗೊಂಡಿತ್ತು. ಚಿಕ್ಕ ಮಗು ಇಟ್ಟುಕೊಂಡು ಆ ತಲೆನೋವು ಯಾಕೆ?

ಕರಾಮಾದಿಂದ: ಏಜೆಂಟ್‌ನ ರೇರಾ ಕಾರ್ಡ್ (ರಿಯಲ್ ಎಸ್ಟೇಟ್ ನಿಯಂತ್ರಣ ಸಂಸ್ಥೆ ಏಜೆಂಟರಿಗೆ ಕೊಡುವ ಗುರುತಿನ ಕಾರ್ಡ್) ನೋಡದೆ ಒಂದು ದಿರ್ಹಮ್ ಕೊಡಬೇಡಿ. ನನಗೆ ಒಬ್ಬ ಫೋಟೋ ಮಾತ್ರ ಕಳಿಸಿ, ‘ಮಾಲೀಕರು ಲಂಡನ್‌ನಲ್ಲಿದ್ದಾರೆ, ಟೋಕನ್ ಹಾಕಿದರೆ ಬೀಗದ ಕೈ ಕಳಿಸ್ತೀನಿ’ ಅಂದಿದ್ದ. ಕಟ್ಟಡದ ವಾಚ್‌ಮನ್‌ನನ್ನು ಕೇಳಿದರೆ ಆ ಮನೆಯಲ್ಲಿ ಜನ ಇದ್ದರು! ವಾಚ್‌ಮನ್‌ಗೆ ಗೊತ್ತಿಲ್ಲದ ಖಾಲಿ ಮನೆ ಇಲ್ಲಿ ಇರೋದಿಲ್ಲ. ಟೈಟಲ್ ಡೀಡ್‌ನಲ್ಲಿ (ಮನೆಯ ಮಾಲೀಕತ್ವದ ಪತ್ರ) ಇರುವ ಹೆಸರಿಗೇ ಚೆಕ್ ಬರೆಯಿರಿ. ಮ್ಯಾನೇಜ್‌ಮೆಂಟ್ ಕಂಪನಿ ಹೆಸರಿಗೆ ಅಂದರೆ, ಮಾಲೀಕರು ಅವರಿಗೆ ಕೊಟ್ಟ ಅಧಿಕಾರ ಪತ್ರ ಕೇಳಿ.

ಖುಸೈಸ್‌ನಿಂದ: ಇನ್ನೊಂದು ಮರೆತಿದ್ದೆ. ಒಪ್ಪಂದ ಮುಗಿಯುವ 90 ದಿನ ಮೊದಲೇ ತಿಳಿಸದಿದ್ದರೆ ಮಾಲೀಕರು ಬಾಡಿಗೆ ಏರಿಸುವಂತಿಲ್ಲ. ತಿಳಿಸಿದರೂ ಬಾಯಿಗೆ ಬಂದಷ್ಟಲ್ಲ, ದುಬೈ ಲ್ಯಾಂಡ್ ಡಿಪಾರ್ಟ್‌ಮೆಂಟ್‌ನ ಬಾಡಿಗೆ ಸೂಚ್ಯಂಕ ನೋಡಬೇಕು. ನೀವು ಕೊಡುತ್ತಿರುವುದು ಅಲ್ಲಿನ ಸರಾಸರಿಗಿಂತ ಶೇ 10ರೊಳಗೆ ಕಡಿಮೆ ಇದ್ದರೆ ಏರಿಕೆಯೇ ಇಲ್ಲ. ಶೇ 40ಕ್ಕಿಂತ ಕಡಿಮೆ ಇದ್ದರೂ ಹೆಚ್ಚೆಂದರೆ ಶೇ 20. ಇದು ದುಬೈ ಲೆಕ್ಕ, ಶಾರ್ಜಾಕ್ಕೆ ಹಾಕಬೇಡಿ.