ಜ್ವರ ಇಲ್ಲ, ಆದರೂ ಆಂಟಿಬಯಾಟಿಕ್ ಯಾಕೆ? ಅನುಭವ ಇದ್ದವರು ಹೇಳಿ

ಅಪ್ಪನಿಗೆ ಸಿರೋಸಿಸ್, ಅಂದರೆ ಲಿವರ್ ಗಟ್ಟಿಯಾಗಿ ಕೆಟ್ಟಿದೆ. ನಿನ್ನೆ ರಾತ್ರಿ ರಕ್ತ ಕಾರಿದರು. ಎಂಡೋಸ್ಕೋಪಿಗೂ ಮೊದಲೇ ಸೆಫ್ಟ್ರಿಯಾಕ್ಸೋನ್ ಅನ್ನುವ ಆಂಟಿಬಯಾಟಿಕ್ ಇಂಜೆಕ್ಷನ್ ದಿನಕ್ಕೆ 1 ಗ್ರಾಂ ಶುರು ಮಾಡಿದ್ದಾರೆ. ಏಳು ದಿನದವರೆಗೂ ಕೊಡಬಹುದಂತೆ. ನಿಮ್ಮ ಮನೆಯಲ್ಲಿ ಹೇಗಾಯಿತು?

ದಾವಣಗೆರೆ ಮಗಳು: ನಮ್ಮ ಅಪ್ಪಾಜಿಗೆ 2019ರಲ್ಲಿ ಹೀಗೇ ಆಯಿತು. ಮೊದಲು ಹೋದ ನರ್ಸಿಂಗ್ ಹೋಮಿನಲ್ಲಿ ರಕ್ತ ಏರಿಸಿದರು ಅಷ್ಟೇ, ಆಂಟಿಬಯಾಟಿಕ್ ಇಲ್ಲ. ಜ್ವರ ಇರಲಿಲ್ಲವಲ್ಲ, ನಾವೂ ಕೇಳಲಿಲ್ಲ. ಮೂರನೇ ದಿನ ನನ್ನನ್ನೇ 'ಯಾರಮ್ಮ ನೀನು' ಅಂದರು. ಹೊಟ್ಟೆಯಲ್ಲಿ ತುಂಬಿದ್ದ ನೀರು ತೆಗೆದು ನೋಡಿದರೆ ನ್ಯೂಟ್ರೋಫಿಲ್ (ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣ) 900. 250 ಇದ್ದರೇ ನಂಜು ಅಂತ ಲೆಕ್ಕ. ಆಂಬುಲೆನ್ಸಿಗೆ 11 ಸಾವಿರ. ಐಸಿಯು ದಿನಕ್ಕೆ 18 ಸಾವಿರ, ಆರು ದಿನ. ಆಲ್ಬುಮಿನ್ (ರಕ್ತದ ಪ್ರೋಟೀನ್, ಡ್ರಿಪ್‌ನಲ್ಲಿ ಕೊಡುವುದು) ಬಾಟಲಿ 5,200ರಂತೆ ಮೊದಲ ದಿನ ಐದು, ಮೂರನೇ ದಿನ ಮೂರು. ಸೆಫ್ಟ್ರಿಯಾಕ್ಸೋನ್ ವಯಲ್ 60 ರೂಪಾಯಿ! ಆ ಬಿಲ್ ಇನ್ನೂ ಬೀರುವಿನಲ್ಲಿದೆ.

ಕೋಲಾರದವ: ನಮ್ಮಣ್ಣನಿಗೆ 2011ರಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ನಾರ್ಫ್ಲಾಕ್ಸಾಸಿನ್ 400 ಆಂಟಿಬಯಾಟಿಕ್ ಮಾತ್ರೆ, ದಿನಕ್ಕೆರಡು, ಏಳು ದಿನ. ಇವತ್ತಿಗೂ ಹೊಲಕ್ಕೆ ಹೋಗುತ್ತಾನೆ. ಇಂಜೆಕ್ಷನ್ ಎಲ್ಲ ಸುಮ್ನೆ ಬಿಲ್ ಏರಿಸೋಕೆ.

ನೈಟ್ ಡ್ಯೂಟಿ ಸಿಸ್ಟರ್: ರಕ್ತ ಕಾರುತ್ತಿರುವವರ ಬಾಯಿಗೆ ಮಾತ್ರೆ ಹಾಕುವುದನ್ನು ಒಮ್ಮೆ ತೋರಿಸಿಕೊಡಿ ಸರ್. ಹೀಗೆ ರಕ್ತಸ್ರಾವ ಆದಾಗ ಕರುಳಿನ ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿಯುತ್ತವೆ, ನಂಜಾದರೆ ಮತ್ತೆ ರಕ್ತಸ್ರಾವ. ಲಿವರ್ ತುಂಬ ಕೆಟ್ಟವರಿಗೆ ಇಂಜೆಕ್ಷನ್ನೇ ಮೇಲು. ನನ್ನ ಯಜಮಾನರಿಗೆ ಅದನ್ನು ಹೊತ್ತಿಗೆ ಸರಿಯಾಗಿ ಕೊಟ್ಟರು. ಆದರೆ ಒಂದೇ ಕ್ಯಾನುಲಾ (ಇಂಜೆಕ್ಷನ್ ಕೊಡಲು ಕೈಯ ರಕ್ತನಾಳಕ್ಕೆ ಹಾಕುವ ನಳಿಕೆ) ಐದು ದಿನ. ಕಂಬಳಿ ಸರಿಸಿದಾಗ ಮಣಿಕಟ್ಟು ಬದನೆಕಾಯಿ ಬಣ್ಣ, ಕೀವು. ಊರವರ ಕೈಯೆಲ್ಲ ನೋಡುವ ನಾನು ಮನೆಯವರ ಕೈ ನೋಡಲಿಲ್ಲ.

ಕೋಲಾರದವ: ಕುಡಿಯೋದು ಬಿಡಿಸಿ ಮೊದಲು. ಆಮೇಲೆ ಕ್ಯಾನುಲಾ.

ದಾವಣಗೆರೆ ಮಗಳು: ಯಾರಿಗೆ ಹೇಳ್ತಿದ್ದೀರಿ? ಅಪ್ಪಾಜಿ ಒಂದು ಹನಿ ಮುಟ್ಟಿದವರಲ್ಲ. ಹೆಪಟೈಟಿಸ್ ಬಿ ಅದು.

ಶಿರಸಿ ಭಟ್ಟರು: ನೆಲನೆಲ್ಲಿ ಕಷಾಯ ಯಾರೂ ಹೇಳಲೇ ಇಲ್ಲವಲ್ಲ?

ನೈಟ್ ಡ್ಯೂಟಿ ಸಿಸ್ಟರ್: ಕಷಾಯ ಕುಡಿಸಿ ನಾಲ್ಕು ದಿನ ತಡ ಮಾಡಿ ಬಂದವರ ರಕ್ತ ನಾವೇ ಒರೆಸಿದ್ದೇವೆ ಭಟ್ಟರೇ.

ಶಿರಸಿ ಭಟ್ಟರು: ನಮ್ಮಜ್ಜ 91 ಬದುಕಿದರು.

ಕೋಲಾರದವ: ಅಜ್ಜನಿಗೆ ಲಿವರ್ ಕಾಯಿಲೆ ಇತ್ತಾ?

ಕೇಳಿದವರು: ಎಂಡೋಸ್ಕೋಪಿಯಲ್ಲಿ ಅನ್ನನಾಳದ ಊದಿದ ರಕ್ತನಾಳಗಳಿಗೆ ನಾಲ್ಕು ಬ್ಯಾಂಡ್ (ಬಿಗಿಯುವ ರಬ್ಬರ್ ಉಂಗುರ) ಹಾಕಿದ್ದಾರೆ. ಸಿಸ್ಟರ್ ಹೇಳಿದ್ದಕ್ಕೆ ಕಂಬಳಿ ಸರಿಸಿ ನೋಡಿದೆ. ಎಡಗೈ ಕೆಂಪಾಗಿತ್ತು, ಕ್ಯಾನುಲಾ ಬದಲಿಸಿದರು.

ದಾವಣಗೆರೆ ಮಗಳು: ವಯಲ್‌ಗೆ ಎಷ್ಟು ಹಾಕಿದ್ದಾರೆ, ನೋಡಿ ಹೇಳಿ.